ತೇಲುವ ನೆಲ

ಮನೆಯಲ್ಲಿ ನಾವು ಅತ್ಯಂತ ಕಡಿಮೆ ನೋಡುವ ವಸ್ತುವೆಂದರೆ ನೆಲ. ಗೋಡೆಗೆ ಬಣ್ಣ ಹೊಡೆಸುತ್ತೇವೆ, ಹಿರಿಯರ ಪಟಗಳನ್ನು ತೂಗುಹಾಕುತ್ತೇವೆ. ನಿದ್ದೆ ಬಾರದ ರಾತ್ರಿ ಚಾವಣಿಯನ್ನು ನೋಡುತ್ತ ಮಲಗುತ್ತೇವೆ. ಬಂದವರಿಗೆ ಬಾಗಿಲಿನ ತೇಗವನ್ನು ತಟ್ಟಿ ತೋರಿಸುತ್ತೇವೆ. ನೆಲವನ್ನು ಮಾತ್ರ ತುಳಿಯುತ್ತೇವೆ. ಬಿದ್ದಾಗಲ್ಲದೆ ಅದರ ಮುಖವನ್ನು ಹತ್ತಿರದಿಂದ ನೋಡುವ ಪ್ರಸಂಗ ಬರುವುದಿಲ್ಲ. ಆಗ ನೋಡುವ ನೋಟದಲ್ಲಿ ಪ್ರೀತಿ ಇರುವುದಿಲ್ಲ.

ಹೋದ ಆಷಾಢದ ಒಂದು ಸಂಜೆ ನನ್ನ ಹೆಂಡತಿ ನಮ್ಮ ನಡುಮನೆಯಲ್ಲಿ ಜಾರಿಬಿದ್ದಳು. ಬಲಗೈಯ ಮಣಿಕಟ್ಟಿನ ಮೂಳೆ ಮುರಿಯಿತು. ಆರು ವಾರ ಅವಳ ಕೈಗೆ ಪ್ಲಾಸ್ಟರು. ಆರು ವಾರ ಮನೆಯವರಿಗೆಲ್ಲ ನನ್ನ ಕೈಯ ಕಾಫಿ. ನೋಡಲು ಬಂದ ನೆಂಟರಿಷ್ಟರು ಕೈಯನ್ನೊಮ್ಮೆ, ನೆಲವನ್ನೊಮ್ಮೆ ನೋಡಿ, “ಈ ಕಾಲದಲ್ಲೂ ಇಂಥ ನೆಲವೆ!” ಎಂದರು. ಕಾಫಿಯ ವಿಷಯದಲ್ಲಿ ಅವರು ಏನೂ ಅನ್ನಲಿಲ್ಲ, ದೊಡ್ಡ ಮನಸ್ಸಿನವರು. ಹೀಗೆ ವಿಚಾರಣೆಯೇ ಇಲ್ಲದೆ ನೆಲದ ಮೇಲೆ ಅಪರಾಧ ಸ್ಥಾಪಿತವಾಯಿತು.

ಆ ನೆಲ ಕೆಂಪು ಗಾರೆಯದು. ಈಗಿನವರ ಮಾತಿನಲ್ಲಿ ರೆಡ್ ಆಕ್ಸೈಡ್. 1961ರಲ್ಲಿ ನಮ್ಮ ತಂದೆ ತ್ಯಾಗರಾಜನಗರದಲ್ಲಿ ಈ ಮನೆ ಕಟ್ಟಿಸಿದಾಗ ಹಾಕಿಸಿದ್ದು. ನನಗಾಗ ಎಂಟು ವರ್ಷ. ನೆಲ ಹಾಕಿದ ದಿನ ನನಗೆ ಚೆನ್ನಾಗಿ ನೆನಪಿದೆ. ಏಕೆಂದರೆ ಅಂದು ನನ್ನನ್ನು ಬಾಗಿಲಿನಾಚೆ ಕೂರಿಸಿ, ಒಳಗೆ ಕಾಲಿಟ್ಟರೆ ಕಾಲು ಮುರಿಯುವುದಾಗಿ ತಂದೆ ಹೇಳಿದ್ದರು. ಕೆಳಗಿನ ಗಾರೆ ಇನ್ನೂ ಹಸಿಯಾಗಿರುವಾಗಲೇ ಮೇಸ್ತ್ರಿ ಸಿಮೆಂಟಿಗೆ ಕೆಂಪು ಪುಡಿ ಬೆರೆಸಿದ ತೆಳುವಾದ ಪದರವನ್ನು ಹರಡಿದ. ಕುಕ್ಕರುಗಾಲಿನಲ್ಲಿ ಕೂತು ಕರಣೆಯಿಂದ ತಿಕ್ಕುತ್ತ ತಿಕ್ಕುತ್ತ, ದೇವರ ಮುಂದಿನಿಂದ ಹಿಂದೆ ಸರಿಯುವ ಭಕ್ತನಂತೆ, ಬಾಗಿಲ ಕಡೆಗೆ ಹಿಮ್ಮುಖವಾಗಿ ಬಂದ. ಒಂದು ಕೋಣೆಯನ್ನು ಒಂದೇ ಉಸಿರಿಗೆ ಮುಗಿಸಬೇಕು. ನಡುವೆ ಊಟಕ್ಕೆದ್ದರೆ ಅಲ್ಲೊಂದು ಗೆರೆ ಉಳಿಯುತ್ತದೆ. ಅವನು ಊಟ ಮಾಡಿದ್ದು ಸಂಜೆ ನಾಲ್ಕಕ್ಕೆ. ಆಮೇಲೆ ವಾರವಿಡೀ ಅಂಚಿಗೆ ಮಣ್ಣಿನ ಕಟ್ಟೆ ಕಟ್ಟಿ ನೀರು ನಿಲ್ಲಿಸಿದರು. ಕೊನೆಗೆ ಕೊಬ್ಬರಿ ಎಣ್ಣೆ ಹಚ್ಚಿ ಬಟ್ಟೆಯಿಂದ ತಿಕ್ಕಿದರು. ಕಾವಿಯ ಮಣ್ಣಿಗೂ ತುಕ್ಕಿಗೂ ಇರುವ ಕೆಂಪೇ ಈ ನೆಲದ ಕೆಂಪು: ಕಬ್ಬಿಣದ ಆಕ್ಸೈಡು. ಬಿಸಿಲಿಗೆ ಮಾಸದ ಬಣ್ಣ.

“ನೆಲ ಒಡೆಸೋದು ಬೇಡಪ್ಪ,” ಎಂದ ನನ್ನ ಮಗ. ಅವನು ಕಂಪ್ಯೂಟರಿನ ಕೆಲಸದವನು. ಯಾವ ವಿಷಯವನ್ನಾದರೂ ರಾತ್ರಿಯೆಲ್ಲ ಓದಿ ಬೆಳಿಗ್ಗೆ ನನಗೆ ಪಾಠ ಹೇಳುತ್ತಾನೆ. “ಒಡೆಸಿದರೆ ತಿಂಗಳು ಧೂಳು. ಇದರ ಮೇಲೇ ಫ್ಲೋಟಿಂಗ್ ಫ್ಲೋರ್ ಹಾಕಿಸೋಣ. ಎರಡು ದಿನದಲ್ಲಿ ಮುಗಿಯುತ್ತೆ. ಮರದ ನೆಲ, ಅಮ್ಮನ ಕಾಲಿಗೂ ಬೆಚ್ಚಗಿರುತ್ತೆ.”

“ಹಾಗಂದರೇನು?” ಎಂದೆ.

“ತೇಲುವ ನೆಲ.”

ಎಂಟು ವರ್ಷದ ಮೊಮ್ಮಗಳು ಹೋಂವರ್ಕಿನಿಂದ ತಲೆಯೆತ್ತಿ, “ತಾತ, ನೆಲ ತೇಲಿದರೆ ನಮ್ಮನೆ ಹಡಗಾಗುತ್ತಾ?” ಎಂದಳು. ನನ್ನ ಮನಸ್ಸಿನಲ್ಲಿದ್ದ ಪ್ರಶ್ನೆಯೂ ಅದೇ. ಬಾಯಿಬಿಟ್ಟು ಕೇಳುವ ವಯಸ್ಸು ನನ್ನದಾಗಿರಲಿಲ್ಲ, ಅಷ್ಟೆ. ನೆಲವೆಂದರೆ ನೆಲೆ. ಎಲ್ಲವೂ ತೇಲುವ ಈ ಪ್ರಪಂಚದಲ್ಲಿ ನೆಲವಾದರೂ ಕದಲದೆ ಇರಲೆಂದಲ್ಲವೆ ಮನೆ ಕಟ್ಟುವುದು?

ಭಾನುವಾರ ಅಪ್ಪ ಮಕ್ಕಳಿಬ್ಬರೂ ಅಂಗಡಿಗೆ ಹೋದೆವು. ಅಂಗಡಿಯವನು ಯುವಕ, ಮಾತಿನಲ್ಲಿ ಜಾಣ. ಆದರೆ ಸುಳ್ಳು ಹೇಳುವ ಜಾಣನಲ್ಲ. ಎರಡು ಹಲಗೆಗಳನ್ನು ಮೇಜಿನ ಮೇಲಿಟ್ಟ. ಒಂದರ ಅಂಚಿನಲ್ಲಿ ನಾಲಿಗೆ, ಇನ್ನೊಂದರ ಅಂಚಿನಲ್ಲಿ ಸಂದು. ಓರೆಯಾಗಿ ಸೇರಿಸಿ ಕೆಳಕ್ಕೆ ಒತ್ತಿದ. ‘ಟಕ್’ ಎಂದು ಕಚ್ಚಿಕೊಂಡವು. ಎಳೆದೆ, ಬಿಡಲಿಲ್ಲ. ಓರೆಯಾಗಿ ಎತ್ತಿದ, ಬಿಟ್ಟುಕೊಂಡವು. “ಇಷ್ಟೇ ಸಾರ್. ಮೊಳೆಯಿಲ್ಲ, ಸರೇಸಿಲ್ಲ. ಹಲಗೆ ಹಲಗೆಯನ್ನು ಹಿಡಿದುಕೊಳ್ಳುತ್ತೆ, ನೆಲವನ್ನು ಹಿಡಿದುಕೊಳ್ಳೋದಿಲ್ಲ. ಕೆಳಗೆ ಎರಡು ಮಿಲಿಮೀಟರಿನ ಫೋಮು. ಇಡೀ ಕೋಣೆಗೆ ಚಾಪೆ ಹಾಸಿದ ಹಾಗೆ.” ಆಗ ನನಗೆ ಸಮಾಧಾನವಾಯಿತು. ಚಾಪೆಯೆಂದರೆ ನಮಗೆ ಗೊತ್ತಿಲ್ಲದ್ದೇನಲ್ಲ. ಹೆಸರಿಟ್ಟವರು ‘ಹಾಸುನೆಲ’ ಎಂದಿದ್ದರೆ ನನ್ನ ಮೊಮ್ಮಗಳೂ ನಾನೂ ಹೆದರುತ್ತಿರಲಿಲ್ಲ.

ಅದರ ಕುಲಗೋತ್ರಗಳನ್ನು ಮಗ ದಾರಿಯಲ್ಲಿ ಹೇಳಿದ್ದ. ಸ್ವೀಡನ್ನಿನ ಪರ್‌ಸ್ಟಾರ್ಪ್ ಎಂಬ ಕಂಪೆನಿ 1977ರಲ್ಲಿ ಲ್ಯಾಮಿನೇಟ್ ನೆಲವನ್ನು ಕಂಡುಹಿಡಿದು ಪರ್ಗೋ ಎಂಬ ಹೆಸರಿನಲ್ಲಿ ಮಾರಿತು. ಆಗ ಹಲಗೆಯ ಸಂದುಗಳಿಗೆ ಸರೇಸು ಹಚ್ಚಬೇಕಾಗಿತ್ತು. ಸರೇಸಿಲ್ಲದೆ ‘ಟಕ್’ ಎನ್ನುವ ಕೂಡಿಕೆ 1996-97ರ ಹೊತ್ತಿಗೆ ಸ್ವೀಡನ್ನಿನ ವಾಲಿಂಗೆ, ಬೆಲ್ಜಿಯಮ್ಮಿನ ಯೂನಿಲಿನ್ ಎಂಬ ಎರಡು ಕಂಪೆನಿಗಳಿಂದ ಹೆಚ್ಚುಕಡಮೆ ಒಟ್ಟಿಗೇ ಬಂತು. ಚಳಿಯ ದೇಶದವರು ಕಾಲು ಬೆಚ್ಚಗಿರಲೆಂದು ಪಟ್ಟ ಪಾಡಿನ ಫಲ ತ್ಯಾಗರಾಜನಗರದವರೆಗೆ ಬಂದಿದೆ.

“ಇದು ತೇಗವೋ, ಹೊನ್ನೆಯೋ?” ಎಂದು ಕೇಳಿದೆ. ಅಂಗಡಿಯವನು ಕೊಂಚ ನಾಚಿದ. “ಮೇಲೆ ಕಾಣೋದು ಮರದ ಚಿತ್ರ ಸಾರ್. ಕಾಗದದ ಮೇಲೆ ಅಚ್ಚು ಹಾಕಿದ್ದು.” ಆ ಕಾಗದದ ಮೇಲೆ ಸವೆಯದಂಥ ಗಟ್ಟಿಯಾದ ರಾಳದ ಪದರ, ಕೆಳಗೆ ಮರದ ನಾರನ್ನು ಅಂಟಿನೊಡನೆ ಒತ್ತಿ ಮಾಡಿದ ಹಲಗೆ, ಒಟ್ಟು ದಪ್ಪ ಎಂಟು ಮಿಲಿಮೀಟರು. ನಿಜವಾದ ಮರವೇ ಬೇಕೆಂದರೆ ಬೇರೊಂದು ಜಾತಿಯಿದೆ: ಪ್ಲೈವುಡ್ಡಿನ ಮೇಲೆ ಕೆಲವೇ ಮಿಲಿಮೀಟರಿನಷ್ಟು ನಿಜವಾದ ಮರದ ಸಿಪ್ಪೆ. ಅದನ್ನು ಗೀರಾದಾಗ ಒಂದೆರಡು ಸಲ ಉಜ್ಜಿ ಹೊಸದು ಮಾಡಬಹುದು. ಬೆಲೆಯೂ ಅದಕ್ಕೆ ತಕ್ಕಂತೆ. ಮೂರನೆಯದರಲ್ಲಿ ಮರವೇ ಇಲ್ಲ: ಸುಣ್ಣಕಲ್ಲಿನ ಪುಡಿಗೆ ಪ್ಲಾಸ್ಟಿಕ್ ಬೆರೆಸಿ ಒತ್ತಿದ್ದು, ಎಸ್.ಪಿ.ಸಿ. ಎಂದು ಹೆಸರು. ನೀರಿಗೆ ಹೆದರುವುದಿಲ್ಲ, ಗೆದ್ದಲಿಗೆ ರುಚಿಸುವುದಿಲ್ಲ. ಮುಟ್ಟಿದರೆ ಮಾತ್ರ ಮರದ ಬಿಸುಪಿಲ್ಲ. ಮರದಂತೆ ಕಾಣುವ ಕಾಗದ, ಮರದಂತೆ ಕಾಣುವ ಕಲ್ಲು, ಮರದಂತೆಯೇ ಕಾಣುವ ತೆಳುವಾದ ಮರ: ಮೂರರಲ್ಲಿ ಒಂದನ್ನು ಆರಿಸಬೇಕು. ವರಾನ್ವೇಷಣೆಯಲ್ಲಿ ಇದಕ್ಕಿಂತ ಕಷ್ಟದ ಪ್ರಸಂಗಗಳನ್ನು ನಾವು ನೋಡಿದ್ದೇವೆ.

“ಇನ್ನೊಂದು ಮಾತು ಸಾರ್,” ಎಂದ ಅವನು. “ಸುತ್ತಲೂ ಗೋಡೆಯಿಂದ ಹತ್ತು ಮಿಲಿಮೀಟರ್ ಜಾಗ ಬಿಡಲೇಬೇಕು.” ಮಳೆಗಾಲದ ತೇವಕ್ಕೆ ಹಲಗೆ ಹಿಗ್ಗುತ್ತದೆ; ಬೇಸಗೆಯ ಒಣ ಹವೆಗೆ ಕುಗ್ಗುತ್ತದೆ. ಒಂದೊಂದು ಹಲಗೆಯ ಹಿಗ್ಗು ಕಣ್ಣಿಗೆ ಕಾಣದಷ್ಟು. ಆದರೆ ಕೋಣೆಯ ಎಲ್ಲ ಹಲಗೆಗಳೂ ಕೈಹಿಡಿದುಕೊಂಡಿರುವುದರಿಂದ ಎಲ್ಲರ ಹಿಗ್ಗೂ ಕೂಡಿ ಗೋಡೆಯ ಬಳಿಗೆ ಬರುತ್ತದೆ. ಅಲ್ಲಿ ಜಾಗವಿಲ್ಲದಿದ್ದರೆ ನೆಲ ನಡುವೆ ಉಬ್ಬಿ ನಿಲ್ಲುತ್ತದೆ. ಬಿಟ್ಟ ಸಂದು ಕಾಣದಂತೆ ಮೇಲೆ ಸ್ಕರ್ಟಿಂಗ್ ಪಟ್ಟಿ ಹೊಡೆಯುತ್ತಾರೆ. ಪಟ್ಟಿಯ ಮೊಳೆ ಗೋಡೆಗೇ ಹೊರತು ಹಲಗೆಗಲ್ಲ. ನಾನು ಮಗನ ಮುಖ ನೋಡಿದೆ, ಅವನು ನನ್ನ ಮುಖ ನೋಡಿದ. ಒಂದೇ ಸೂರಿನಡಿ ಎರಡು ಸಂಸಾರ ಹನ್ನೆರಡು ವರ್ಷ ಉಬ್ಬದೆ ಬಿರಿಯದೆ ಉಳಿದಿರುವುದು ಇಂಥದೇ ಹತ್ತು ಮಿಲಿಮೀಟರಿನಿಂದ. ಅದರ ಮೇಲೊಂದು ಪಟ್ಟಿ ಹೊಡೆದಿರುವುದರಿಂದ ನೆಂಟರಿಗೆ ಕಾಣುವುದಿಲ್ಲ.

ಹೊರಡುವಾಗ ನಾನು ಕೇಳಬೇಕಾದ ಪ್ರಶ್ನೆಯನ್ನು ಕೇಳಿದೆ: “ಇದರ ಮೇಲೆ ನೀರು ಬಿದ್ದರೆ ಜಾರುವುದಿಲ್ಲವೆ?”

“ನೀರು ಬಿದ್ದರೆ ಯಾವ ನೆಲವಾದರೂ ಜಾರುತ್ತೆ ಸಾರ್. ಲ್ಯಾಮಿನೇಟ್ ಆದರೆ ಜಾರೋದೂ ಜಾರುತ್ತೆ, ಒರೆಸದೆ ಬಿಟ್ಟರೆ ಉಬ್ಬೋದೂ ಉಬ್ಬುತ್ತೆ.”

ಆ ಮಾತಿಗೆ ನನ್ನ ಮಗ ತಲೆದೂಗಿದ. ನಾನು ಅಂಗಡಿಯ ಗಾಜಿನಾಚೆ ಹೋಗುತ್ತಿದ್ದ ಬಸ್ಸುಗಳನ್ನು ನೋಡತೊಡಗಿದೆ. ಅದರ ಕಾರಣವನ್ನು ಆಮೇಲೆ ಹೇಳುತ್ತೇನೆ.

ಮನೆಗೆ ಬಂದ ಮೇಲೆ ಪರೀಕ್ಷೆಗಳು ಮೊದಲಾದವು. ಎರಡು ಮೀಟರಿನ ಉದ್ದಕ್ಕೆ ನೆಲದಲ್ಲಿ ಮೂರು ಮಿಲಿಮೀಟರಿಗಿಂತ ಹೆಚ್ಚು ಏರುಪೇರು ಇರಬಾರದಂತೆ. ಇದ್ದರೆ ಕಾಲಿಟ್ಟಾಗಲೆಲ್ಲ ಹಲಗೆ ತಗ್ಗಿ ಎದ್ದು, ಕೂಡಿಕೆ ಸಡಿಲವಾಗುತ್ತದೆ. ಮಗ ರಸಮಟ್ಟ ತಂದ. ಮೊಮ್ಮಗಳು ಗೋಲಿ ತಂದಳು. ಎರಡರಲ್ಲಿ ಗೋಲಿಯೇ ಬೇಗ ತೀರ್ಪು ಕೊಟ್ಟಿತು. ಮಲಗುವ ಕೋಣೆಯಲ್ಲಿ ಇಟ್ಟಲ್ಲೇ ನಿಂತಿತು. ನಡುಮನೆಯಲ್ಲಿ ಮಾತ್ರ ಯಾರೋ ಕರೆದಂತೆ ತೋಟದ ಕಡೆಯ ಗೋಡೆಗೆ ಉರುಳಿಹೋಯಿತು. ಆ ಗೋಡೆಯ ಉದ್ದಕ್ಕೂ ನೆಲ ಕುಸಿದು ಒಂದು ಬಿರುಕು ಬಿಟ್ಟಿರುವುದು ನಮಗೆಲ್ಲ ಗೊತ್ತು. ಕುಸಿತ ಇಷ್ಟಿದೆಯೆಂದು ಗೊತ್ತಿರಲಿಲ್ಲ.

ಎರಡನೆಯದು ತೇವದ ಪರೀಕ್ಷೆ. ಮೊಳದಗಲದ ಪಾಲಿಥೀನ್ ಹಾಳೆಯನ್ನು ನೆಲದ ಮೇಲಿಟ್ಟು ನಾಲ್ಕೂ ಅಂಚಿಗೆ ಟೇಪು ಅಂಟಿಸಿ ಒಂದು ದಿನ ಬಿಟ್ಟರೆ, ನೆಲದಿಂದ ಏಳುವ ತೇವ ಹಾಳೆಯ ಕೆಳಗೆ ಹನಿಗಟ್ಟುತ್ತದೆ. ಎರಡು ಕೋಣೆಯಲ್ಲೂ ಅಂಟಿಸಿದೆವು. ಮರುದಿನ ಮೊಮ್ಮಗಳು ಸ್ಕೂಲಿಗೆ ಹೋಗುವ ಮುಂಚೆ ವರದಿ ಒಪ್ಪಿಸಿದಳು: ಮಲಗುವ ಕೋಣೆ ಒಣಗಿದೆ, ನಡುಮನೆ ಬೆವತಿದೆ. ಹಿಂದೊಮ್ಮೆ ಅದೇ ಗೋಡೆಯ ಬೀರುವಿನಲ್ಲಿ ಗೆದ್ದಲು ಒಂದು ಸಾಲು ಪುಸ್ತಕಗಳನ್ನು ಓದಿ ಮುಗಿಸಿತ್ತು. ಮರದ ನಾರಿನ ಹಲಗೆಯನ್ನು ಅಲ್ಲಿ ಹಾಸುವುದೆಂದರೆ ಅದಕ್ಕೆ ಎಲೆ ಹಾಕಿ ಬಡಿಸಿದಂತೆ.

ಮೂರನೆಯ ಪರೀಕ್ಷೆಯನ್ನು ಸೊಸೆ ಮಾಡಿದಳು. ಅಂಗಡಿಯಿಂದ ತಂದ ಮಾದರಿ ತುಂಡುಗಳನ್ನು ರಾತ್ರಿ ಬಕೆಟ್ಟಿನ ನೀರಿನಲ್ಲಿ ಹಾಕಿಟ್ಟಳು. ಬೆಳಗಾಗುವ ವೇಳೆಗೆ ಲ್ಯಾಮಿನೇಟಿನ ಅಂಚು ನೆನೆದ ಅವಲಕ್ಕಿಯಂತೆ ಊದಿಕೊಂಡಿತ್ತು. ಕಲ್ಲುಪುಡಿಯದು ಏನೂ ಆಗದೆ ಕೂತಿತ್ತು. “ಮಾವ, ನಮ್ಮದು ನೀರು ಹಾಕಿ ಸಾರಿಸೋ ಮನೆ. ಹಬ್ಬದ ಹಿಂದಿನ ದಿನ ಬಕೆಟ್ಟುಗಟ್ಟಲೆ ಸುರೀತೀವಿ. ದೇವರ ಮನೆ, ಅಡಿಗೆಮನೆ, ನಡುಮನೆ ಮೂರಕ್ಕೂ ಇದು ಆಗೋಲ್ಲ,” ಎಂದಳು. ಅವಳ ಮಾತಿನಲ್ಲಿ ನ್ಯಾಯವಿತ್ತು. ಈಳಿಗೆ ಮಣೆ, ಚಕ್ಕುಲಿ ಒರಳು, ಒಡೆಯುವ ತೆಂಗಿನಕಾಯಿ, ಅಭಿಷೇಕದ ನೀರು ಇವೆಲ್ಲ ಸ್ವೀಡನ್ನಿನವರ ಲೆಕ್ಕಕ್ಕೆ ಬಂದಿರಲಾರವು.

ಇಷ್ಟಾದರೂ ಮಗ ನಡುಮನೆಯನ್ನು ಬಿಡಲು ಒಪ್ಪಲಿಲ್ಲ. “ಕಲ್ಲುಪುಡಿಯದೇ ಹಾಕಿಸೋಣ. ಕುಸಿದ ಕಡೆ ಗಾರೆ ತುಂಬಿ ಮಟ್ಟ ಮಾಡಿಸೋಣ. ಅಮ್ಮ ಬಿದ್ದದ್ದು ಅಲ್ಲೇ ತಾನೆ?” ಎಂದ. ತಾಯಿಯ ಕೈ ಮುರಿದುದನ್ನು ಕಂಡ ಮಗನಿಗೆ ಗೋಲಿಯ ಸಾಕ್ಷ್ಯ ಹೇಳುವುದು ಹೇಗೆ?

ನಾನು ವಾರವಿಡೀ ನೆಲದ ಪರ ವಕಾಲತ್ತು ವಹಿಸಿದೆ. ಸುಡುವ ಚೈತ್ರದಲ್ಲಿ ಆ ನೆಲದ ಮೇಲೆ ಬರಿಮೈಯಲ್ಲಿ ಮಲಗುವ ಸುಖವನ್ನು ವರ್ಣಿಸಿದೆ. ಗಾರೆ ಕಾಲಿಗೆ ತಣ್ಣಗಿರುವುದೂ ಮರ ಬೆಚ್ಚಗಿರುವುದೂ ಅವುಗಳ ಉಷ್ಣತೆ ಬೇರೆಯೆಂದಲ್ಲ. ಗಾರೆ ನಮ್ಮ ಕಾಲಿನ ಶಾಖವನ್ನು ಬೇಗ ಎಳೆದುಕೊಳ್ಳುತ್ತದೆ, ಮರ ನಿಧಾನವಾಗಿ ಎಳೆದುಕೊಳ್ಳುತ್ತದೆ, ಅಷ್ಟೆ ಎಂದು ವಿಜ್ಞಾನವನ್ನೂ ಹೇಳಿದೆ. ಇಂಥ ನೆಲ ಹಾಕುವ ಕೈಗಳು ಈಗ ಅಪರೂಪವೆಂದೂ, ತುಳಿದಷ್ಟೂ ಹೊಳೆಯುವ ಗುಣ ಬೇರೆ ಯಾವುದಕ್ಕಿದೆಯೆಂದೂ ಕೇಳಿದೆ. ಹೇಳಿದ್ದೆಲ್ಲವೂ ನಿಜ. ಆದರೆ ಮುಖ್ಯವಾದ ಒಂದು ನಿಜವನ್ನು ಬಿಟ್ಟು ಉಳಿದೆಲ್ಲ ನಿಜಗಳನ್ನು ಹೇಳುವವನ ದನಿ ಸ್ವಲ್ಪ ಜೋರಾಗಿರುತ್ತದೆ. ನನ್ನ ದನಿಯೂ ಜೋರಾಗಿತ್ತು.

ಆ ನಿಜ ಇದು. ಅವಳು ಬಿದ್ದ ಸಂಜೆ ನಾನು ಗಾಂಧಿಬಜಾರಿನಿಂದ ಮಳೆಯಲ್ಲಿ ಬಂದಿದ್ದೆ. ಕೊಡೆಯನ್ನು ಜಗಲಿಯಲ್ಲಿಡಬೇಕೆಂದು ಅವಳು ನಲವತ್ತು ವರ್ಷದಿಂದ ಹೇಳುತ್ತಿದ್ದಾಳೆ. ಜಗಲಿಯಲ್ಲಿಟ್ಟ ಹಿಂದಿನ ಕೊಡೆಯನ್ನು ಯಾರೋ ಎತ್ತಿಕೊಂಡು ಹೋಗಿದ್ದರಿಂದ ನಾನು ಅದನ್ನು ಬಿಚ್ಚಿ ನಡುಮನೆಯಲ್ಲಿಟ್ಟೆ. ಐದು ನಿಮಿಷದ ಮೇಲೆ ನೆನಪಾಗಿ ಒಯ್ದು ಬಚ್ಚಲಲ್ಲಿಟ್ಟೆ, ನೆಲ ಒರೆಸಲಿಲ್ಲ. ಹೊಳೆಯುವ ಕೆಂಪಿನ ಮೇಲೆ ನೀರು ಕಾಣುವುದಿಲ್ಲ. ಹತ್ತು ನಿಮಿಷದ ಮೇಲೆ ಅವಳು ನನಗೆ ಟವಲು ತರಲು ಆ ದಾರಿಯಲ್ಲಿ ಬಂದಳು. ಆಸ್ಪತ್ರೆಗೆ ಹೊರಡುವ ಗಡಿಬಿಡಿಯಲ್ಲಿ ಯಾರೂ ಏನೂ ಕೇಳಲಿಲ್ಲ. ಆಮೇಲೆ ಎಲ್ಲರೂ ನೆಲವನ್ನು ದೂರಿದರು. ನೆಲ ಮಾತಾಡಲಾರದು, ಮಾತಾಡಬಲ್ಲ ನಾನು ಸುಮ್ಮನಿದ್ದೆ.

ಒಂದು ರಾತ್ರಿ ಎಲ್ಲರೂ ಮಲಗಿದ ಮೇಲೆ ಅವಳ ಮಂಚದ ಬದಿಗೆ ಕೂತು, “ನಿನಗೊಂದು ವಿಷಯ ಹೇಳಬೇಕು,” ಎಂದೆ.

“ಕೊಡೆ ವಿಷಯ ತಾನೆ?” ಎಂದಳು.

ನನ್ನ ಬಾಯಿ ಕಟ್ಟಿಹೋಯಿತು. “ನಿನಗೆ ಗೊತ್ತಿತ್ತೆ?”

“ಬಿದ್ದಾಗ ಸೀರೆ ಒದ್ದೆಯಾಗಿದ್ದು ನನಗೆ ಗೊತ್ತಾಗೋಲ್ಲವೇನ್ರೀ? ಮನೆಯೊಳಗೆ ಮಳೆ ಸುರಿದಿರಲಿಲ್ಲವಲ್ಲ.”

“ಮತ್ತೆ ಇಷ್ಟು ದಿನ ಯಾಕೆ ಹೇಳಲಿಲ್ಲ?”

“ನೀವೇ ಹೇಳ್ತೀರೇನೋ ಅಂತ ಕಾದೆ.”

ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಆಮೇಲೆ ಅವಳೇ ಹೇಳಿದಳು: “ನೀವು ಅಪ್ಪ ಮಗ ತಿಂಗಳಿಂದ ನೆಲ ನೆಲ ಅಂತಿದೀರಿ, ನನ್ನನ್ನ ಒಂದು ಮಾತು ಕೇಳಿದಿರಾ? ನನಗೆ ಬೇಕಾಗಿರೋದು ಈ ಕೋಣೆಗೆ. ರಾತ್ರಿ ಎದ್ದು ಕಾಲು ಕೆಳಗಿಟ್ಟರೆ ತಣ್ಣಗೆ ಮಂಡಿವರೆಗೂ ಹತ್ತುತ್ತೆ. ಇಲ್ಲಿ ಮರ ಹಾಸಿಸಿ, ಬೇಡ ಅನ್ನೋಲ್ಲ. ನಡುಮನೆ ಮುಟ್ಟಬೇಡಿ. ಅದನ್ನ ಹಾಕಿಸಿದವರು ಮಾವನವರು; ಹೊಳಪು ಬರಿಸಿದವಳು ನಾನು.”

ಅದು ನನಗೆ ಹೊಳೆದೇ ಇರಲಿಲ್ಲ. ಆ ನೆಲವನ್ನು ನಾನು ತಂದೆಯ ನೆಲವೆಂದು ಎಣಿಸಿಕೊಂಡು, ಅದಕ್ಕಾಗಿ ವಾದಿಸುತ್ತ, ಪಿತೃಋಣ ತೀರಿಸುತ್ತಿರುವೆನೆಂದು ಒಳಗೊಳಗೇ ಬೀಗುತ್ತಿದ್ದೆ. 1978ರಲ್ಲಿ ಮದುವೆಯಾಗಿ ಈ ಮನೆಗೆ ಬಂದವಳು ಅಂದಿನಿಂದ ದಿನವೂ ಅದನ್ನು ಒರೆಸಿದ್ದಾಳೆ, ಹಬ್ಬದಿಂದ ಹಬ್ಬಕ್ಕೆ ಎಣ್ಣೆ ಹಚ್ಚಿ ತಿಕ್ಕಿದ್ದಾಳೆ. ಮೇಸ್ತ್ರಿ ಕೊಟ್ಟ ಹೊಳಪು ಒಂದು ದಿನದ್ದು. ಉಳಿದ ಹೊಳಪೆಲ್ಲ ಅವಳ ಮಣಿಕಟ್ಟಿನದು. ನಾನು ಮುರಿಸಿದ ಅದೇ ಮಣಿಕಟ್ಟು.

ಮರುದಿನ ಊಟದ ಹೊತ್ತಿನಲ್ಲಿ ಎಲ್ಲರೆದುರಿಗೆ ಕೊಡೆಯ ಕಥೆ ಹೇಳಿದೆ. ಮಗ ಅನ್ನ ಕಲಸುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದ. ಏನು ಹೇಳುವನೋ ಎಂದು ಹೆದರಿದ್ದೆ. “ಹಾಗಾದರೆ ಕೊಡೆಗೊಂದು ಸ್ಟ್ಯಾಂಡು ತರಿಸಿದ್ದರೆ ಮುಗೀತಿತ್ತಲ್ಲಪ್ಪ,” ಎಂದ. ಹತ್ತು ಮಿಲಿಮೀಟರಿನ ಬೆಲೆ ನನಗೆ ಆಗ ಮತ್ತೊಮ್ಮೆ ತಿಳಿಯಿತು.

ಮಲಗುವ ಕೋಣೆಗೆ ಲ್ಯಾಮಿನೇಟು ಎಂದು ತೀರ್ಮಾನವಾಯಿತು. ಕೋಣೆ ಒಣಗಿದ್ದು, ಮಟ್ಟವಾಗಿದ್ದು. ಬೇಕಾದದ್ದು ಕಾಲಿಗೆ ಬಿಸುಪು. ಗೋಡೆಯಂಚಿಗೆ ಮೊದಲು ಗೆದ್ದಲಿನ ಔಷಧಿ ಹಾಕಿಸಿದೆವು. ಹಲಗೆಯ ಪೆಟ್ಟಿಗೆಗಳು ಮನೆಗೆ ಬಂದು, ಬಿಚ್ಚದೆ, ಎರಡು ದಿನ ಕೋಣೆಯಲ್ಲೇ ಮಲಗಿದವು. ಹೊಸ ಮನೆಯ ಹವೆಗೆ ಒಗ್ಗಿಕೊಳ್ಳಬೇಕಂತೆ. ಹೊಸ ಸೊಸೆಯನ್ನೂ ಹೀಗೆ ಎರಡು ದಿನ ಸುಮ್ಮನೆ ಬಿಡುವ ಪದ್ಧತಿ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತೆಂದು ನನ್ನ ಸೊಸೆ ಅಂದಳು; ಅತ್ತೆ ಕೇಳಿಸದವಳಂತೆ ಇದ್ದಳು. ನೆಲಕ್ಕೆ ಪಾಲಿಥೀನ್ ಹಾಸಿ, ಅದರ ಮೇಲೆ ಫೋಮು ಹಾಸಿ, ಇಬ್ಬರು ಹುಡುಗರು ಮಧ್ಯಾಹ್ನದೊಳಗೆ ಹಲಗೆ ಜೋಡಿಸಿ ಮುಗಿಸಿದರು. ಒಟ್ಟು ಏರಿದ್ದು ಒಂದು ಸೆಂಟಿಮೀಟರಿನಷ್ಟು. ಬೇರೆ ಮನೆಗಳಲ್ಲಿ ಬಾಗಿಲಿನ ಕೆಳಗನ್ನು ಹೆರೆಯಬೇಕಾಗುತ್ತದೆ. ನಮ್ಮ ಮನೆಗೆ ಮರದ ಹೊಸಲುಗಳಿರುವುದರಿಂದ ಬಾಗಿಲಿಗೆ ಏನೂ ತಾಗಲಿಲ್ಲ. ಒಂದು ಕೋಣೆಯ ತೇಲುವ ನೆಲ ಬಾಗಿಲ ಬಳಿ ನಿಲ್ಲಬೇಕೆಂಬ ಶಾಸ್ತ್ರಕ್ಕೂ ಹೊಸಲೇ ಒದಗಿತು. ನಮ್ಮ ಅಜ್ಜಿ ತುಳಿಯಬೇಡವೆಂದು ಗದರುತ್ತಿದ್ದ ಹೊಸಲು ಹೀಗೂ ಉಪಯೋಗಕ್ಕೆ ಬಂತು.

ಹೊಸ ನೆಲದಲ್ಲಿ ದೋಷವಿಲ್ಲವೆಂದಲ್ಲ. ನಡೆದರೆ ಟೊಳ್ಳಿನ ಮೇಲೆ ನಡೆದಂತೆ ‘ಟಪ್ ಟಪ್’ ಎನ್ನುತ್ತದೆ. ಬಟ್ಟೆಯನ್ನು ಹಿಂಡಿ ಹಿಂಡಿ ಒರೆಸಬೇಕು. ಎಣ್ಣೆ ಹಚ್ಚಿದರೆ ಹೊಳೆಯುವುದಿಲ್ಲ. ಎಷ್ಟು ವರ್ಷ ತುಳಿದರೂ ನಮ್ಮಿಂದ ಏನನ್ನೂ ಪಡೆದುಕೊಳ್ಳುವುದಿಲ್ಲ. ಒಂದು ಸಮಾಧಾನ: ಅದು ಕೆಳಗಿನದಕ್ಕೆ ಅಂಟಿಲ್ಲ. ಮುಂದೊಂದು ದಿನ ಮೊಮ್ಮಗಳಿಗೆ ಬೇಡವೆನಿಸಿದರೆ ಹಲಗೆಗಳನ್ನು ಒಂದೊಂದಾಗಿ ಬಿಡಿಸಿ ತೆಗೆಯಬಹುದು. ಕೆಳಗೆ ಕೆಂಪು ನೆಲ ಇದ್ದ ಹಾಗೆಯೇ ಇರುತ್ತದೆ.

ರಾತ್ರಿ ಅವಳು ಎದ್ದು ಹೋಗುವಾಗ ‘ಟಪ್ ಟಪ್’ ಕೇಳಿಸುತ್ತದೆ. ಹೊಸಲು ದಾಟಿದ ಮೇಲೆ ಸದ್ದಿಲ್ಲ; ಅಲ್ಲಿಂದ ಮುಂದೆ ಕೆಂಪು ನೆಲ. ಅವಳು ಹಿಂತಿರುಗಿ ಬಂದು ಮತ್ತೆ ‘ಟಪ್’ ಎನ್ನುವವರೆಗೆ ನಾನು ನಿದ್ದೆ ಮಾಡುವುದಿಲ್ಲ. ಕೊಡೆ ಈಗ ಜಗಲಿಯಲ್ಲಿರುತ್ತದೆ. ಹೊಸ ಕೊಡೆ, ಯಾರಾದರೂ ಎತ್ತಿಕೊಂಡು ಹೋಗುವುದಾದರೆ ನನ್ನ ಆಕ್ಷೇಪಣೆ ಇಲ್ಲ.